ಲೆಕ್ಕ ಕೇಳುವ ಹಕ್ಕು: ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಪ್ರದೇಶದಲ್ಲಿ ಇಲಾಖಾ ಹಣಕಾಸು ಮತ್ತು ನೌಕರವರ್ಗದ ಮೇಲಣ ಶಾಸಕಾಂಗದ ನಿಗಾ

ಪ್ರಜೆಗಳಿಂದ ವಸೂಲಾದ ಹಣವನ್ನು ಸರ್ಕಾರದ ಒಂದು ಇಲಾಖೆ ಯಾವ ಬಾಬಿಗೆ ವೆಚ್ಚ ಮಾಡಿತು, ಆ ಕೆಲಸಕ್ಕೆ ಎಷ್ಟು ಹುದ್ದೆಗಳನ್ನು ಮಂಜೂರು ಮಾಡಿಸಿಕೊಂಡಿತು, ಮಂಜೂರಾದ ಹುದ್ದೆಗಳಲ್ಲಿ ನಿಜವಾಗಿ ಜನರಿದ್ದಾರೆಯೇ ಎಂಬ ಮೂರು ಪ್ರಶ್ನೆಗಳನ್ನು ಪ್ರಜಾಪ್ರತಿನಿಧಿಗಳು ಕೇಳಬಹುದೆಂಬ ತತ್ತ್ವ ಇಂದು ಸಹಜವೆಂದು ತೋರುತ್ತದೆ. ಈ ತತ್ತ್ವ ನೆಲೆಗೊಳ್ಳಲು ಒಂದು ಶತಮಾನಕ್ಕೂ ಹೆಚ್ಚು ಕಾಲ ಬೇಕಾಯಿತು. ಅದರ ಇತಿಹಾಸವನ್ನು ಸಾಮಾನ್ಯವಾಗಿ ರಾಜಧಾನಿಯ ಸದನಗಳ ಕಡೆಯಿಂದ ಬರೆಯಲಾಗುತ್ತದೆ. ಕಂದಾಯ ಕಟ್ಟಿದ ಹಳ್ಳಿಯ ಕಡೆಯಿಂದ ನೋಡಿದಾಗ ಅದೇ ಇತಿಹಾಸದ ಆಕಾರ ಬೇರೆಯಾಗುತ್ತದೆ. ಹುಬ್ಬಳ್ಳಿಯಿಂದ ಹರಿಹರಕ್ಕೆ ಹೋಗುವ ರೈಲುಮಾರ್ಗದ ಮೇಲೆ ಒಂದರ ಹಿಂದೊಂದರಂತೆ ಬರುವ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳು ಇಂತಹ ಅಧ್ಯಯನಕ್ಕೆ ತಕ್ಕ ಕ್ಷೇತ್ರವಾಗಿವೆ. ೧೮೧೮ರ ಸುಮಾರಿಗೆ ಪೇಶ್ವೆಯರಿಂದ ಕಂಪನಿಯ ಕೈಗೆ ಬಂದ ಈ ಸೀಮೆ ೧೯೫೬ರವರೆಗೆ ಮುಂಬಯಿ ಸರ್ಕಾರದ ಧಾರವಾಡ ಜಿಲ್ಲೆಗೆ ಸೇರಿತ್ತು. ಆ ವರ್ಷದ ನವೆಂಬರ್ ೧ರಂದು ವಿಶಾಲ ಮೈಸೂರಿಗೆ ಬಂದಿತು. ೧೯೯೭ರ ಆಗಸ್ಟ್ ೨೪ರಂದು ಹಾವೇರಿ ಪ್ರತ್ಯೇಕ ಜಿಲ್ಲೆಯಾಯಿತು. ಲೆಕ್ಕ ಒಪ್ಪಿಸಬೇಕಾದ ಯಜಮಾನ ಲಂಡನ್ನಿನಿಂದ ಮುಂಬಯಿಗೆ, ಅಲ್ಲಿಂದ ಬೆಂಗಳೂರಿಗೆ ಬದಲಾದ ಕಥೆಯೂ ಇದೇ ಆಗಿದೆ.

ದೂರದ ಪಾರ್ಲಿಮೆಂಟು

೧೮೪೦ರ ದಶಕದಲ್ಲಿ ದಕ್ಷಿಣ ಮರಾಠಾ ಪ್ರಾಂತದ ಕಂದಾಯ ಮೋಜಣಿಯ ಹೊಣೆ ಹೊತ್ತಿದ್ದ ಜಾರ್ಜ್ ವಿಂಗೇಟ್ ಧಾರವಾಡ ಜಿಲ್ಲೆಯ ಹೊಲಗಳನ್ನು ಅಳೆಸಿ, ಮಣ್ಣಿನ ಗುಣಕ್ಕೆ ಅನುಸಾರವಾಗಿ ಆಣೆವಾರಿ ನಿಗದಿ ಮಾಡಿಸಿದನು. ಗೋಲ್ಡ್‌ಸ್ಮಿಡ್ ಮತ್ತು ಡೇವಿಡ್‌ಸನ್ನರೊಂದಿಗೆ ಅವನು ೧೮೪೭ರಲ್ಲಿ ಸಲ್ಲಿಸಿದ ಜಂಟಿ ವರದಿ ಮುಂಬಯಿ ಇಲಾಖೆಯ ರೈತವಾರಿ ಪದ್ಧತಿಗೆ ಆಧಾರ ಗ್ರಂಥವಾಯಿತು. ಮೂವತ್ತು ವರ್ಷಗಳವರೆಗೆ ಬದಲಾಗದ ಕಂದಾಯ ಎಂಬುದು ಅದರ ಮುಖ್ಯ ಭರವಸೆ. ಹಿಂದಿನ ಅನಿಶ್ಚಿತ ವಸೂಲಿಗೆ ಹೋಲಿಸಿದರೆ ರೈತನಿಗೆ ಇದರಿಂದ ಅನುಕೂಲವಾಯಿತೆಂಬುದನ್ನು ಅಲ್ಲಗಳೆಯಲಾಗದು. ಆದರೆ ದರವನ್ನು ನಿಗದಿ ಮಾಡಿದವರು ಅಧಿಕಾರಿಗಳು, ಒಪ್ಪಿಗೆ ಕೊಟ್ಟವರು ಅವರ ಮೇಲಧಿಕಾರಿಗಳು. ಪ್ರತಿವರ್ಷ ಜಮಾಬಂದಿಯ ಕಾಲಕ್ಕೆ ಸಾಹೇಬರ ಡೇರೆಯ ಮುಂದೆ ಗೌಡ ಮತ್ತು ಕುಲಕರ್ಣಿ ಹಳ್ಳಿಯ ದಫ್ತರವನ್ನು ಹೊತ್ತು ನಿಲ್ಲುತ್ತಿದ್ದರು. ಲೆಕ್ಕ ಕೆಳಗಿನಿಂದ ಮೇಲಕ್ಕೆ ಮಾತ್ರ ಹೋಗುತ್ತಿತ್ತು.

ಮೇಲಿನವರು ಯಾರಿಗೆ ಲೆಕ್ಕ ಕೊಡುತ್ತಿದ್ದರು? ೧೮೫೮ರ ಶಾಸನದ ಪ್ರಕಾರ ಭಾರತದ ಆದಾಯ-ವೆಚ್ಚದ ವಾರ್ಷಿಕ ಲೆಕ್ಕವನ್ನು ಬ್ರಿಟಿಷ್ ಪಾರ್ಲಿಮೆಂಟಿನ ಮುಂದಿಡಬೇಕಾಗಿತ್ತು. ಇದೇ ಕಾಲದಲ್ಲಿ ಆ ಪಾರ್ಲಿಮೆಂಟು ತನ್ನ ದೇಶದ ಹಣದ ಮೇಲಣ ಹಿಡಿತವನ್ನು ಬಿಗಿಗೊಳಿಸುತ್ತಿತ್ತು. ೧೮೬೧ರಲ್ಲಿ ಗ್ಲಾಡ್‌ಸ್ಟನ್ನನ ಪ್ರಯತ್ನದಿಂದ ಕಾಮನ್ಸ್ ಸಭೆಯ ಸಾರ್ವಜನಿಕ ಲೆಕ್ಕಪತ್ರ ಸಮಿತಿ ರೂಪುಗೊಂಡಿತು. ೧೮೬೬ರ ಶಾಸನ ಮಹಾಲೆಕ್ಕ ಪರಿಶೋಧಕನ ಹುದ್ದೆಗೆ ಭದ್ರವಾದ ನೆಲೆ ಒದಗಿಸಿತು. ಭಾರತದ ಲೆಕ್ಕದ ವಿಷಯದಲ್ಲಿ ಈ ಬಿಗಿ ಇರಲಿಲ್ಲ. ಇದಕ್ಕೆ ಒಂದು ಕಾರಣ ಸಂಬಳಕ್ಕೆ ಸಂಬಂಧಿಸಿದ್ದು. ಭಾರತ ಮಂತ್ರಿಯ ವೇತನವನ್ನು ೧೯೧೯ರ ಸುಧಾರಣೆಗಳವರೆಗೆ ಭಾರತದ ಬೊಕ್ಕಸದಿಂದಲೇ ಕೊಡಲಾಗುತ್ತಿತ್ತು. ಬ್ರಿಟಿಷ್ ಅಂದಾಜುಪಟ್ಟಿಯಲ್ಲಿ ಅವನ ಸಂಬಳವೇ ಇಲ್ಲದಿದ್ದ ಮೇಲೆ ಅದನ್ನು ಕಡಿತ ಮಾಡುವ ಸೂಚನೆ ತಂದು ಅವನ ಇಲಾಖೆಯನ್ನು ವಿಚಾರಣೆಗೆ ಒಳಪಡಿಸುವ ಮಾರ್ಗವೂ ಇರಲಿಲ್ಲ. ಹಾವೇರಿ ಸೀಮೆಯ ರೈತ ತನ್ನನ್ನು ಆಳುವ ಮಂತ್ರಿಗೆ ಸಂಬಳ ಕೊಡುತ್ತಿದ್ದನು. ಆ ಕಾರಣದಿಂದಲೇ ಆ ಮಂತ್ರಿ ಯಾವ ಸದನಕ್ಕೂ ಸಂಬಳದ ಲೆಕ್ಕ ಒಪ್ಪಿಸಬೇಕಾಗಿರಲಿಲ್ಲ.

ಈ ಸಡಿಲಿಕೆಯ ಪರಿಣಾಮ ೧೮೭೬-೭೮ರ ಮಹಾಕ್ಷಾಮದ ನಂತರ ಸ್ಪಷ್ಟವಾಯಿತು. ಮುಂಬಯಿ ಕರ್ನಾಟಕದ ಜಿಲ್ಲೆಗಳು ಆ ಕ್ಷಾಮದಲ್ಲಿ ತತ್ತರಿಸಿದವು. ಮುಂದಿನ ಬರಗಾಲಗಳಿಗೆ ಮೀಸಲೆಂದು ವರ್ಷಕ್ಕೆ ಒಂದೂವರೆ ಕೋಟಿ ರೂಪಾಯಿಯ ಕ್ಷಾಮ ವಿಮಾ ನಿಧಿಗಾಗಿ ಹೊಸ ತೆರಿಗೆಗಳನ್ನು ಹೇರಲಾಯಿತು. ಕೆಲವೇ ದಿನಗಳಲ್ಲಿ ಆಫ್ಘನ್ ಯುದ್ಧದ ವೆಚ್ಚ ಬಂದೊದಗಿ, ಈ ನಿಧಿಯ ಹಣ ಉದ್ದೇಶಿತ ಕೆಲಸಕ್ಕೆ ಸಲ್ಲಲಿಲ್ಲವೆಂಬ ಟೀಕೆ ಪಾರ್ಲಿಮೆಂಟಿನಲ್ಲಿಯೂ ಭಾರತೀಯ ಪತ್ರಿಕೆಗಳಲ್ಲಿಯೂ ಎದ್ದಿತು. ಒಂದು ಉದ್ದೇಶಕ್ಕೆ ಎತ್ತಿದ ಹಣ ಮತ್ತೊಂದು ಉದ್ದೇಶಕ್ಕೆ ಹೋಗಬಾರದೆಂಬ ಧನವಿನಿಯೋಗದ ಮೂಲಸೂತ್ರ ಈ ಭಾಗದ ಜನರಿಗೆ ಸಂಬಂಧಿಸಿದಂತೆ ಚರ್ಚೆಗೆ ಬಂದ ಮೊದಮೊದಲ ಪ್ರಸಂಗಗಳಲ್ಲಿ ಇದೊಂದು. ಕ್ಷಾಮರಕ್ಷಣೆಯ ದೃಷ್ಟಿಯಿಂದಲೇ ೧೮೮೨ರಲ್ಲಿ ಸ್ಥಾಪಿತವಾದ ಸದರ್ನ್ ಮರಾಠಾ ರೈಲ್ವೆ ಕಂಪನಿ ಹಾಕಿದ ಮಾರ್ಗ ಈ ಮೂರು ಊರುಗಳಿಗೂ ನಿಲ್ದಾಣ ತಂದುಕೊಟ್ಟಿತು. ಬ್ಯಾಡಗಿಯ ಮೆಣಸಿನಕಾಯಿ ಪೇಟೆ ಬೆಳೆದದ್ದು ಆ ನಿಲ್ದಾಣದ ಆಸರೆಯಲ್ಲಿ.

೧೮೯೫ರಲ್ಲಿ ನೇಮಕವಾದ ವೆಲ್ಬಿ ಆಯೋಗದಲ್ಲಿ ದಾದಾಭಾಯಿ ನವರೋಜಿಯವರು ಸದಸ್ಯರಾಗಿದ್ದರು. ಗೋಪಾಲಕೃಷ್ಣ ಗೋಖಲೆ, ದಿನ್‌ಷಾ ವಾಚಾ ಮೊದಲಾದವರು ೧೮೯೭ರಲ್ಲಿ ಅದರ ಮುಂದೆ ಸಾಕ್ಷ್ಯ ನುಡಿದು, ಉನ್ನತ ಹುದ್ದೆಗಳೆಲ್ಲ ಯುರೋಪಿಯನ್ನರ ಪಾಲಾಗಿರುವುದರ ಆರ್ಥಿಕ ಹೊರೆಯನ್ನು ಅಂಕಿಸಂಖ್ಯೆಗಳೊಂದಿಗೆ ಬಿಡಿಸಿಟ್ಟರು. ಹಣಕಾಸಿನ ಪ್ರಶ್ನೆ ಮತ್ತು ನೌಕರಿಯ ಪ್ರಶ್ನೆ ಒಂದೇ ಪ್ರಶ್ನೆಯ ಎರಡು ಮುಖಗಳೆಂಬ ಅರಿವು ಇಲ್ಲಿಂದ ಗಟ್ಟಿಯಾಗತೊಡಗಿತು. ೧೯೦೧ರಲ್ಲಿ ಮುಂಬಯಿ ಶಾಸನ ಸಭೆಯಲ್ಲಿ ಭೂಕಂದಾಯ ಸಂಹಿತೆಯ ತಿದ್ದುಪಡಿ ಮಸೂದೆ ಬಂದಾಗ ಫಿರೋಜ್‌ಷಾ ಮೆಹ್ತಾ ಮತ್ತು ಗೋಖಲೆಯವರು ಅದನ್ನು ವಿರೋಧಿಸಿ ಸಭಾತ್ಯಾಗ ಮಾಡಿದರು. ಮಸೂದೆ ಅಂಗೀಕಾರವಾಯಿತು. ವಿರೋಧಿಸಿದವರ ಕೈಯಲ್ಲಿ ಬಾಗಿಲು ದಾಟಿ ಹೊರಬರುವುದಕ್ಕಿಂತ ಹೆಚ್ಚಿನ ಅಧಿಕಾರವೇನೂ ಇರಲಿಲ್ಲ.

ಕಾಯ್ದಿಟ್ಟ ಕಂದಾಯ

೧೯೧೯ರ ಶಾಸನದ ಮೇರೆಗೆ ೧೯೨೧ರಿಂದ ಮುಂಬಯಿ ಶಾಸನ ಸಭೆಗೆ ಅನುದಾನ ಬೇಡಿಕೆಗಳ ಮೇಲೆ ಮತ ಹಾಕುವ ಅಧಿಕಾರ ಬಂದಿತು. ಪ್ರಾಂತಗಳ ಶಾಸನ ಸಭೆಗಳಲ್ಲಿ ಸಾರ್ವಜನಿಕ ಲೆಕ್ಕಪತ್ರ ಸಮಿತಿಗಳೂ ಏರ್ಪಟ್ಟವು. ಚುನಾಯಿತ ಸದಸ್ಯರು ಲೆಕ್ಕ ಪರಿಶೋಧನೆಯ ಆಕ್ಷೇಪಗಳನ್ನು ಕೈಯಲ್ಲಿ ಹಿಡಿದು ಇಲಾಖೆಯ ಮುಖ್ಯಸ್ಥನನ್ನು ಪ್ರಶ್ನಿಸುವ ಅವಕಾಶ ಈ ನಾಡಿಗೆ ಇದರಿಂದ ಮೊದಲ ಬಾರಿಗೆ ದೊರಕಿತು. ಆದರೆ ಸಮಿತಿಯ ಅಧ್ಯಕ್ಷ ಸ್ಥಾನದಲ್ಲಿ ಸರ್ಕಾರದ ಹಣಕಾಸು ಸದಸ್ಯನೇ ಕುಳಿತಿದ್ದನು. ವೆಚ್ಚ ಮಾಡಿದವನೇ ವಿಚಾರಣೆಯ ಪೀಠದಲ್ಲಿದ್ದುದು ವಿಚಿತ್ರವೆನಿಸಬಹುದು. ೧೯೫೦ರವರೆಗೆ ಕೇಂದ್ರದಲ್ಲಿಯೂ ಇದೇ ರೂಢಿ ನಡೆದು ಬಂದಿತು. ಮತಕ್ಕೆ ಒಳಪಡದ ವೆಚ್ಚಗಳು ಸಮಿತಿಯ ಎಟುಕಿಗೆ ಸಿಗುತ್ತಿರಲಿಲ್ಲ.

ದೊಡ್ಡ ಮಿತಿಯೊಂದು ದ್ವಿಪ್ರಭುತ್ವದ ರಚನೆಯಲ್ಲಿಯೇ ಅಡಗಿತ್ತು. ಶಿಕ್ಷಣ, ವೈದ್ಯ, ಸ್ಥಳೀಯ ಸ್ವರಾಜ್ಯ, ಕೃಷಿ, ಅಬಕಾರಿ ಮುಂತಾದವು ಮಂತ್ರಿಗಳಿಗೆ ವರ್ಗಾಯಿಸಿದ ವಿಷಯಗಳಾದವು. ಮುಂಬಯಿಯಲ್ಲಿ ಅರಣ್ಯವೂ ಈ ಪಟ್ಟಿಗೆ ಸೇರಿತು. ಭೂಕಂದಾಯ, ನೀರಾವರಿ, ಪೊಲೀಸ್, ಹಣಕಾಸು ಇವು ಗವರ್ನರನಿಗೆ ಕಾಯ್ದಿಟ್ಟ ವಿಷಯಗಳಾಗಿ ಉಳಿದವು. ಕಾಯ್ದಿಟ್ಟ ಇಲಾಖೆಯ ಬೇಡಿಕೆಯನ್ನು ಸಭೆ ಕಡಿತಗೊಳಿಸಿದರೂ ಗವರ್ನರನು ಅದು ಅವಶ್ಯವೆಂದು ದೃಢೀಕರಿಸಿ ಮರಳಿ ಸೇರಿಸಬಹುದಾಗಿತ್ತು. ರಾಣೆಬೆನ್ನೂರಿನ ಹತ್ತಿ ಬೆಳೆಯುವ ರೈತನ ಜೀವನವನ್ನು ಅತಿ ಹತ್ತಿರದಿಂದ ಮುಟ್ಟುತ್ತಿದ್ದ ಇಲಾಖೆ ಕಂದಾಯ ಇಲಾಖೆ. ಅವನು ಮತ ಕೊಟ್ಟು ಕಳುಹಿಸಿದ ಪ್ರತಿನಿಧಿಯ ಅಂಕೆಗೆ ಸಿಗದ ಇಲಾಖೆಯೂ ಅದೇ. ೧೯೨೪ರಲ್ಲಿ ಮುಂಬಯಿ ಶಾಸನ ಸಭೆ, ಕಂದಾಯದ ಪರಿಷ್ಕರಣವನ್ನು ಶಾಸನದ ನಿಯಂತ್ರಣಕ್ಕೆ ತರಬೇಕೆಂದು ನಿರ್ಣಯ ಮಾಡಿತು. ಪರಿಶೀಲನೆಗೆ ಸಮಿತಿ ನೇಮಕವಾಯಿತಾದರೂ ಕಾರ್ಯಾಂಗದ ಆಜ್ಞೆಯ ಮೂಲಕ ದರ ಏರಿಸುವ ಪದ್ಧತಿ ನಿಲ್ಲಲಿಲ್ಲ. ೧೯೨೮ರ ಬಾರ್ಡೋಲಿ ಸತ್ಯಾಗ್ರಹದ ಬೇರು ಇಲ್ಲಿದೆ.

ವರ್ಗಾಯಿಸಿದ ಇಲಾಖೆಗಳಲ್ಲಿ ಪರಿಸ್ಥಿತಿ ಭಿನ್ನವಾಗಿತ್ತು. ಅಲ್ಲಿ ಹಣಕ್ಕಿಂತ ಹುದ್ದೆಗಳ ಹಂಚಿಕೆ ಚರ್ಚೆಯ ಕೇಂದ್ರವಾಯಿತು. ಸರ್ಕಾರಿ ಕಛೇರಿಯ ಕಾರಕೂನಿಕೆ, ಶಾಲಾ ಮಾಸ್ತರಿಕೆಗಳು ಕೆಲವೇ ಜಾತಿಗಳ ಕೈಯಲ್ಲಿವೆ ಎಂಬ ದೂರು ಮುಂಬಯಿ ಕರ್ನಾಟಕದ ಬ್ರಾಹ್ಮಣೇತರ ಚಳವಳಿಯ ಮುಖ್ಯ ಸೂತ್ರವಾಗಿತ್ತು. ಮುಂಬಯಿ ಸರ್ಕಾರ ೧೯೨೦ರ ದಶಕದಲ್ಲಿ ಜನಸಮುದಾಯಗಳನ್ನು ಮುಂದುವರಿದ, ಮಧ್ಯಮ, ಹಿಂದುಳಿದ ಎಂದು ವಿಂಗಡಿಸಿ ನೇಮಕಾತಿಯಲ್ಲಿ ಗಮನಿಸತೊಡಗಿತು. ೧೯೩೦ರಲ್ಲಿ ಸ್ಟಾರ್ಟ್ ಸಮಿತಿ ಈ ವಿಂಗಡಣೆಯನ್ನು ಇನ್ನಷ್ಟು ಖಚಿತಗೊಳಿಸಿತು. ನೆರೆಯ ಮೈಸೂರು ಸಂಸ್ಥಾನದಲ್ಲಿ ಇದೇ ಪ್ರಶ್ನೆಯನ್ನು ಮಿಲ್ಲರ್ ಸಮಿತಿ ೧೯೧೯ರಷ್ಟು ಹಿಂದೆಯೇ ಎತ್ತಿಕೊಂಡಿತ್ತು. ಹುಬ್ಬಳ್ಳಿಯ ಸರ್ ಸಿದ್ಧಪ್ಪ ಕಂಬಳಿಯವರು ೧೯೩೦ರ ದಶಕದಲ್ಲಿ ಮುಂಬಯಿ ಪ್ರಾಂತದ ಮಂತ್ರಿಯಾದುದು ಧಾರವಾಡ ಜಿಲ್ಲೆಯ ಮಟ್ಟಿಗೆ ಒಂದು ತಿರುವು. ಅದುವರೆಗೆ ಅರ್ಜಿ ಹಿಡಿದು ನಿಂತಿದ್ದ ಸಮುದಾಯಗಳಿಗೆ ಇಲಾಖೆಯೊಳಗೆ ಕೇಳಿಸುವ ದನಿಯೊಂದು ದೊರಕಿತು.

ಕಾಯ್ದಿಟ್ಟ ಕಂದಾಯದ ಪ್ರಶ್ನೆಯನ್ನಾದರೋ ಸದನದ ಹೊರಗೆ ಕೇಳಬೇಕಾಯಿತು. ಕಾನೂನುಭಂಗ ಚಳವಳಿಯ ಕಾಲದಲ್ಲಿ ಈ ಪ್ರದೇಶಕ್ಕೆ ತಾಗಿಕೊಂಡಿರುವ ಹಿರೇಕೆರೂರು ತಾಲ್ಲೂಕು, ಉತ್ತರ ಕನ್ನಡದ ಸಿದ್ಧಾಪುರ ಮತ್ತು ಅಂಕೋಲೆಗಳೊಂದಿಗೆ ಕರನಿರಾಕರಣೆಗೆ ಹೆಸರಾಯಿತು. ಹೊಲಮನೆಗಳು ಜಪ್ತಿಯಾದವು, ಪಾತ್ರೆ ಪಡಗಗಳು ಹರಾಜಾದವು. ೧೯೩೭ರಲ್ಲಿ ಪ್ರಾಂತ ಸ್ವಾಯತ್ತತೆ ಬಂದು ಬಿ. ಜಿ. ಖೇರರ ಮಂತ್ರಿಮಂಡಲ ಅಧಿಕಾರ ವಹಿಸಿಕೊಂಡ ಮೇಲೆ ೧೯೩೮ರಲ್ಲಿ ಜಪ್ತಿಯಾದ ಜಮೀನುಗಳನ್ನು ಹಿಂದಿರುಗಿಸುವ ಶಾಸನ ಅಂಗೀಕಾರವಾಯಿತು. ಕಂದಾಯ ಇಲಾಖೆಯ ಕ್ರಮವೊಂದನ್ನು ಶಾಸನಸಭೆಯೇ ತಿರುಗಿಸಿ ಬರೆದ ಈ ಸಂದರ್ಭ, ಅದುವರೆಗಿನ ಎಲ್ಲ ಲೆಕ್ಕಪತ್ರ ಸಮಿತಿಗಳ ವರದಿಗಳಿಗಿಂತ ಹಳ್ಳಿಯ ಜನರಿಗೆ ಹೆಚ್ಚು ಅರ್ಥವಾಗಿದ್ದಿರಬೇಕು.

ಆ ಅವಕಾಶ ಎರಡೇ ವರ್ಷ ಬಾಳಿತು. ೧೯೩೯ರ ನವೆಂಬರಿನಲ್ಲಿ ಮಂತ್ರಿಮಂಡಲ ರಾಜೀನಾಮೆ ಕೊಟ್ಟಿತು. ೧೯೩೫ರ ಶಾಸನದ ೯೩ನೆಯ ಕಲಮಿನಡಿ ಗವರ್ನರನು ಶಾಸನಸಭೆಯ ಅಧಿಕಾರಗಳನ್ನು ತನ್ನಲ್ಲಿಯೇ ವಹಿಸಿಕೊಂಡನು. ೧೯೪೬ರವರೆಗೆ ಮುಂಬಯಿ ಪ್ರಾಂತದ ಆಯವ್ಯಯಕ್ಕೆ ಯಾವ ಚುನಾಯಿತ ಪ್ರತಿನಿಧಿಯ ಮತವೂ ಇರಲಿಲ್ಲ. ಹಾವೇರಿ ತಾಲ್ಲೂಕಿನ ಹೊಸರಿತ್ತಿಯಲ್ಲಿ ನಡೆದ ಘಟನೆಯನ್ನು ಈ ಹಿನ್ನೆಲೆಯಲ್ಲಿ ಮತ್ತೊಮ್ಮೆ ಓದಬೇಕಾಗಿದೆ. ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರು ೧೯೩೦ರ ದಂಡಿ ಯಾತ್ರೆಯಲ್ಲಿ ಗಾಂಧೀಜಿಯವರೊಂದಿಗೆ ನಡೆದವರು. ೧೯೪೨ರ ನಂತರ ಅವರ ತಂಡದ ಗುರಿ ಚಾವಡಿಗಳು, ಕಂದಾಯ ದಫ್ತರಗಳು, ವಸೂಲಾದ ಹಣ. ೧೯೪೩ರ ಏಪ್ರಿಲ್ ೧ರಂದು ಹೊಸರಿತ್ತಿಯ ವೀರಭದ್ರ ದೇವಸ್ಥಾನದಲ್ಲಿ ಪೊಲೀಸರ ಕಾವಲಿನಲ್ಲಿ ಇರಿಸಿದ್ದ ಕಂದಾಯದ ಹಣದ ಮೇಲೆ ದಾಳಿ ನಡೆದು, ಗುಂಡೇಟಿಗೆ ಮಹಾದೇವಪ್ಪ, ತಿರಕಪ್ಪ ಮಡಿವಾಳರ ಮತ್ತು ವೀರಯ್ಯ ಹಿರೇಮಠ ಬಲಿಯಾದರು. ಸರ್ಕಾರದ ಹೊಸ ಆರ್ಥಿಕ ವರ್ಷ ಆರಂಭವಾಗುವ ದಿನವೂ ಏಪ್ರಿಲ್ ಒಂದೇ. ಇದು ಕಾಕತಾಳೀಯವೆಂಬುದರಲ್ಲಿ ಸಂಶಯವಿಲ್ಲ. ಆದರೂ ಯಾರ ಮತವೂ ಇಲ್ಲದೆ ವಸೂಲಾದ ಹಣ ಅದಾಗಿತ್ತೆಂಬ ಸಂಗತಿ, ಹುತಾತ್ಮರ ಚರಿತ್ರೆಗಳಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವ ಒಂದು ಆಯಾಮವನ್ನು ಒದಗಿಸುತ್ತದೆ.

ಏಕೀಕರಣ ಮತ್ತು ನೌಕರರ ಜೋಡಣೆ

ಸಂವಿಧಾನ ಜಾರಿಯಾದ ಮೇಲೆ ಚಿತ್ರ ಬದಲಾಯಿತು. ಸಂಚಿತ ನಿಧಿಯಿಂದ ಒಂದು ರೂಪಾಯಿಯನ್ನು ತೆಗೆಯಬೇಕಾದರೂ ಧನವಿನಿಯೋಗ ಶಾಸನ ಬೇಕು. ಮಂಜೂರಾತಿಗಿಂತ ಹೆಚ್ಚು ವೆಚ್ಚವಾದರೆ ೨೦೫ನೆಯ ಅನುಚ್ಛೇದದಂತೆ ಮತ್ತೆ ಸದನದ ಮುಂದೆ ಬರಬೇಕು. ಲೆಕ್ಕ ನಿಯಂತ್ರಕರು ಮತ್ತು ಮಹಾಲೆಕ್ಕ ಪರಿಶೋಧಕರ ವರದಿಯನ್ನು ೧೫೧ನೆಯ ಅನುಚ್ಛೇದದಂತೆ ರಾಜ್ಯಪಾಲರು ವಿಧಾನಮಂಡಲದ ಮುಂದಿಡಿಸಬೇಕು. ೧೯೬೭ರಿಂದ ಲೋಕಸಭೆಯ ಲೆಕ್ಕಪತ್ರ ಸಮಿತಿಗೆ ವಿರೋಧ ಪಕ್ಷದ ಸದಸ್ಯರೊಬ್ಬರು ಅಧ್ಯಕ್ಷರಾಗುವ ಸಂಪ್ರದಾಯ ಬೆಳೆಯಿತು, ಕರ್ನಾಟಕವೂ ಅದನ್ನು ಅನುಸರಿಸಿತು.

ಹಳ್ಳಿಯ ಮಟ್ಟದಲ್ಲಿ ಹೆಚ್ಚು ಪರಿಣಾಮ ಬೀರಿದ್ದು ನೌಕರವರ್ಗದ ಬದಲಾವಣೆ. ೧೯೫೦ರ ಮುಂಬಯಿ ಶಾಸನ ಪರಗಣಾ ಹಾಗೂ ಕುಲಕರ್ಣಿ ವತನಗಳನ್ನು ರದ್ದುಗೊಳಿಸಿತು. ವಂಶಪಾರಂಪರ್ಯವಾಗಿ ದಫ್ತರ ಇಟ್ಟುಕೊಂಡಿದ್ದ ಕುಲಕರ್ಣಿಯ ಸ್ಥಳಕ್ಕೆ ಸಂಬಳದ ತಲಾಠಿ ಬಂದನು. ವತನದಾರ ಯಾವ ಅಂದಾಜುಪಟ್ಟಿಯಲ್ಲಿಯೂ ಹುದ್ದೆಯಾಗಿ ಕಾಣಿಸುತ್ತಿರಲಿಲ್ಲ. ತಲಾಠಿಯ ಸಂಬಳ ಪ್ರತಿವರ್ಷ ಶಾಸನಸಭೆಯ ಮತಕ್ಕೆ ಬರಬೇಕಾಗಿತ್ತು. ಶಾಸಕಾಂಗದ ನಿಗಾ ಹಳ್ಳಿಯ ಚಾವಡಿಯನ್ನು ತಲುಪಿದ್ದು ಈ ದಾರಿಯಿಂದ. ಮೈಸೂರು ರಾಜ್ಯ ೧೯೬೧ರಲ್ಲಿ ಗ್ರಾಮಾಧಿಕಾರಗಳ ನಿರ್ಮೂಲನ ಶಾಸನದ ಮೂಲಕ ಇದೇ ಕೆಲಸವನ್ನು ಇಡೀ ರಾಜ್ಯಕ್ಕೆ ವಿಸ್ತರಿಸಿತು.

೧೯೫೬ರ ಏಕೀಕರಣ ಭಾವನೆಯ ದೃಷ್ಟಿಯಿಂದ ಮಂಗಳಕರವಾಗಿದ್ದರೂ ಆಡಳಿತದ ದೃಷ್ಟಿಯಿಂದ ಐದು ಕಡೆಯ ಲೆಕ್ಕದ ಪುಸ್ತಕಗಳನ್ನು ಒಂದೇ ದಾರದಲ್ಲಿ ಹೊಲಿಯುವ ಕೆಲಸವಾಗಿತ್ತು. ಮೈಸೂರಿನಲ್ಲಿ ೧೮೮೧ರ ಪ್ರಜಾಪ್ರತಿನಿಧಿ ಸಭೆ, ೧೯೦೭ರ ನ್ಯಾಯವಿಧಾಯಕ ಸಭೆ, ೧೯೨೩ರಲ್ಲಿ ಆ ಸಭೆಗೆ ದೊರೆತ ಬೇಡಿಕೆಗಳ ಮೇಲಿನ ಮತಾಧಿಕಾರ ಇವುಗಳ ಪರಂಪರೆಯಿತ್ತು. ಮುಂಬಯಿಯಿಂದ ಬಂದವರ ಅನುಭವ ಬೇರೆ. ಅಲ್ಲಿಯ ಮಾಮಲೇದಾರ, ಇಲ್ಲಿಯ ಅಮಲ್ದಾರ ಇಬ್ಬರೂ ತಹಸೀಲ್ದಾರರಾದರು. ಹೆಸರು ಒಂದಾದಷ್ಟು ಸುಲಭವಾಗಿ ಜ್ಯೇಷ್ಠತೆಯ ಪಟ್ಟಿ ಒಂದಾಗಲಿಲ್ಲ. ಮುಂಬಯಿಯ ಅವಲ್ ಕಾರಕೂನ ಮೈಸೂರಿನ ಯಾವ ಹುದ್ದೆಗೆ ಸಮ, ಜಿಲ್ಲಾ ಶಾಲಾ ಮಂಡಳಿಯ ಕೈಕೆಳಗಿದ್ದ ಮುಂಬಯಿಯ ಪ್ರಾಥಮಿಕ ಶಿಕ್ಷಕ ನೇರವಾಗಿ ಸರ್ಕಾರಿ ನೌಕರನಾಗಿದ್ದ ಮೈಸೂರಿನ ಶಿಕ್ಷಕನ ಪಕ್ಕದಲ್ಲಿ ಎಲ್ಲಿ ನಿಲ್ಲಬೇಕು ಎಂಬ ಪ್ರಶ್ನೆಗಳು ಎದ್ದವು. ರಾಜ್ಯ ಪುನರ್ವಿಂಗಡಣಾ ಶಾಸನದ ೧೧೫ನೆಯ ಕಲಮು, ಬಂದ ನೌಕರರ ಸೇವಾ ಷರತ್ತುಗಳನ್ನು ಕೇಂದ್ರದ ಪೂರ್ವಾನುಮತಿಯಿಲ್ಲದೆ ಅವರಿಗೆ ಪ್ರತಿಕೂಲವಾಗಿ ಬದಲಿಸಬಾರದೆಂದು ವಿಧಿಸಿತ್ತು. ಹೀಗಾಗಿ ರಾಜ್ಯದ ನೌಕರವರ್ಗದ ಒಂದು ಮುಖ್ಯ ವಿಷಯ ರಾಜ್ಯ ವಿಧಾನಮಂಡಲದ ಕೈಗೆ ಪೂರ್ಣವಾಗಿ ಸಿಗಲಿಲ್ಲ. ಅದು ದೆಹಲಿಯ ಅನುಮತಿ ಮತ್ತು ನ್ಯಾಯಾಲಯದ ತೀರ್ಪುಗಳ ನಡುವೆ ವರ್ಷಗಟ್ಟಲೆ ತೂಗಾಡಿತು. ಬಡ್ತಿಗೆ ಕಾದು ಕಾದು ನಿವೃತ್ತರಾದ ಒಂದು ತಲೆಮಾರಿನ ನೌಕರರ ಇತಿಹಾಸವನ್ನು ಬರೆಯುವ ಕೆಲಸ ಇನ್ನೂ ಉಳಿದಿದೆ.

ಈ ಪ್ರದೇಶ ಶಾಸಕಾಂಗಕ್ಕೆ ಕೊಟ್ಟ ವ್ಯಕ್ತಿಗಳನ್ನೂ ಇಲ್ಲಿ ನೆನೆಯಬೇಕು. ಹೊಸರಿತ್ತಿಯವರೇ ಆದ ಗುದ್ಲೆಪ್ಪ ಹಳ್ಳಿಕೇರಿಯವರು ೧೯೬೦ರ ದಶಕದಲ್ಲಿ ಮೈಸೂರು ವಿಧಾನ ಪರಿಷತ್ತಿನ ಸಭಾಪತಿಗಳಾಗಿದ್ದರು. ಕಂದಾಯದ ಹಣಕ್ಕಾಗಿ ಗುಂಡು ಹಾರಿದ ಊರಿನವರೊಬ್ಬರು ಆಯವ್ಯಯ ಚರ್ಚಿಸುವ ಸದನದ ಪೀಠವನ್ನು ಅಲಂಕರಿಸಿದರು. ರಾಣೆಬೆನ್ನೂರಿನ ಶಾಸಕ ಕೆ. ಬಿ. ಕೋಳಿವಾಡ ಅವರು ೨೦೧೬ರಿಂದ ೨೦೧೮ರವರೆಗೆ ವಿಧಾನಸಭೆಯ ಅಧ್ಯಕ್ಷರಾಗಿದ್ದರು. ಬೆಂಗಳೂರಿನ ಕೆರೆಗಳ ಒತ್ತುವರಿಯನ್ನು ಪರಿಶೀಲಿಸಿದ ಸದನ ಸಮಿತಿಯ ನೇತೃತ್ವವೂ ಅವರದಾಗಿತ್ತು. ಜಿಲ್ಲೆಯ ಶಿಗ್ಗಾಂವಿ ಕ್ಷೇತ್ರದ ಬಸವರಾಜ ಬೊಮ್ಮಾಯಿಯವರು ಮುಖ್ಯಮಂತ್ರಿಯಾಗಿ ಹಣಕಾಸು ಖಾತೆಯನ್ನೂ ಇಟ್ಟುಕೊಂಡು ೨೦೨೨ ಮತ್ತು ೨೦೨೩ರ ಆಯವ್ಯಯಗಳನ್ನು ಮಂಡಿಸಿದರು. ವ್ಯಕ್ತಿಗಳ ಕೊರತೆ ಈ ನಾಡಿಗೆ ಎಂದೂ ಇರಲಿಲ್ಲ.

ಉಳಿತಾಯವೆಂಬ ಪದ

೧೯೮೩ರ ಶಾಸನದ ಫಲವಾಗಿ ೧೯೮೭ರಲ್ಲಿ ಜಿಲ್ಲಾ ಪರಿಷತ್ತುಗಳು ಅಸ್ತಿತ್ವಕ್ಕೆ ಬಂದಾಗ ಅಬ್ದುಲ್ ನಜೀರ್ ಸಾಬರು ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದರು. ಶಿಕ್ಷಣ, ಆರೋಗ್ಯ, ಕೃಷಿ ಮೊದಲಾದ ಇಲಾಖೆಗಳ ಜಿಲ್ಲಾಮಟ್ಟದ ಕೆಲಸ ಮತ್ತು ನೌಕರರು ಪರಿಷತ್ತಿನ ಅಧೀನಕ್ಕೆ ಬಂದರು. ಆಯವ್ಯಯದಲ್ಲಿ ಜಿಲ್ಲಾ ವಲಯವೆಂಬ ಭಾಗ ಬೇರೆಯಾಯಿತು. ಯಾವ ಜಿಲ್ಲೆಗೆ ಯಾವ ಬಾಬಿನಲ್ಲಿ ಎಷ್ಟು ಎಂಬುದನ್ನು ತೋರಿಸುವ ಲಿಂಕ್ ಡಾಕ್ಯುಮೆಂಟ್ ಎಂಬ ಪುಸ್ತಕ ಸದನಕ್ಕೆ ಬರತೊಡಗಿತು. ಶಾಸಕರಿಗೆ ತಮ್ಮ ಜಿಲ್ಲೆಯ ಅಂಕಿಗಳನ್ನು ಪ್ರತ್ಯೇಕವಾಗಿ ಓದುವ ಅನುಕೂಲ ಇದರಿಂದಾಯಿತು. ಆದರೆ ಪರಿಷತ್ತಿನಲ್ಲಿ ಕೆಲಸ ಮಾಡುತ್ತಿದ್ದ ನೌಕರನ ನೇಮಕಾತಿ, ವರ್ಗಾವಣೆ, ಶಿಸ್ತುಕ್ರಮಗಳ ಬಹುಭಾಗ ಬೆಂಗಳೂರಿನ ಮಾತೃ ಇಲಾಖೆಯಲ್ಲಿಯೇ ಉಳಿಯಿತು. ಹಣ ಒಂದು ಕಡೆ, ಹಣವನ್ನು ವೆಚ್ಚ ಮಾಡುವವನ ಮೇಲಿನ ಹಿಡಿತ ಮತ್ತೊಂದು ಕಡೆ ಎಂಬ ಈ ಇಬ್ಬಂದಿತನ ೧೯೯೩ರ ಪಂಚಾಯತ್ ರಾಜ್ ಶಾಸನದ ನಂತರವೂ ಮುಂದುವರಿಯಿತು.

೧೯೯೭ರಲ್ಲಿ ಹಾವೇರಿಯೂ ಸೇರಿ ಏಳು ಹೊಸ ಜಿಲ್ಲೆಗಳು ರಚನೆಯಾದಾಗ ಜಿಲ್ಲಾಧಿಕಾರಿ ಕಛೇರಿ, ಜಿಲ್ಲಾ ಪಂಚಾಯತಿ, ಜಿಲ್ಲಾ ಖಜಾನೆ, ಪೊಲೀಸ್ ಅಧೀಕ್ಷಕರ ಕಛೇರಿ ಎಲ್ಲವೂ ಏಕಕಾಲದಲ್ಲಿ ಬೇಕಾದವು. ಹುದ್ದೆ ಮಂಜೂರು ಮಾಡುವುದು ಒಂದು ಆದೇಶದ ಕೆಲಸ. ಆ ಹುದ್ದೆಯಲ್ಲಿ ಒಬ್ಬ ಮನುಷ್ಯನನ್ನು ಕೂರಿಸಿ ಉಳಿಸಿಕೊಳ್ಳುವುದು ಬೇರೆಯೇ ಕೆಲಸ. ಇಲ್ಲಿ ಲೆಕ್ಕಪತ್ರದ ಭಾಷೆ ಒಂದು ಕುತೂಹಲಕರ ರೂಪ ತಾಳುತ್ತದೆ. ಇಲಾಖೆಯೊಂದಕ್ಕೆ ಸಂಬಳದ ಬಾಬಿನಲ್ಲಿ ಸದನ ಮಂಜೂರು ಮಾಡಿದ ಮೊತ್ತಕ್ಕಿಂತ ಕಡಿಮೆ ವೆಚ್ಚವಾದರೆ ಧನವಿನಿಯೋಗ ಲೆಕ್ಕದಲ್ಲಿ ಆ ಅಂತರವನ್ನು ಉಳಿತಾಯವೆಂದು ಕರೆಯಲಾಗುತ್ತದೆ. ಖಾಲಿ ಹುದ್ದೆಗಳನ್ನು ತುಂಬದ ಕಾರಣ ಉಳಿತಾಯವಾಗಿದೆ ಎಂಬುದು ಇಲಾಖೆಗಳು ಕೊಡುವ ಪರಿಚಿತ ವಿವರಣೆ. ಬ್ಯಾಡಗಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಗಣಿತದ ಮೇಷ್ಟ್ರಿಲ್ಲದೆ ಕಳೆದ ಒಂದು ವರ್ಷ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವೈದ್ಯರಿಲ್ಲದ ಆರು ತಿಂಗಳು ಲೆಕ್ಕದ ಪುಸ್ತಕದಲ್ಲಿ ಮಿತವ್ಯಯದ ಸಾಧನೆಯಂತೆ ದಾಖಲಾಗುತ್ತವೆ. ಮನೆಯಲ್ಲಿ ಅಡುಗೆ ಮಾಡದೆ ಅಕ್ಕಿ ಉಳಿಯಿತೆಂದು ಯಾವ ಗೃಹಿಣಿಯೂ ಹೇಳುವುದಿಲ್ಲ.

ಲೆಕ್ಕ ಪರಿಶೋಧಕರು ಇದನ್ನು ಗಮನಿಸಿಲ್ಲವೆಂದಲ್ಲ. ಸತತ ಉಳಿತಾಯ, ಮಾರ್ಚ್ ಕೊನೆಯಲ್ಲಿ ಹಣ ಒಪ್ಪಿಸಿಬಿಡುವುದು ಅಥವಾ ತರಾತುರಿಯಲ್ಲಿ ವೆಚ್ಚ ಹಾಕುವುದು, ಸಾದಿಲ್ವಾರು ಬಿಲ್ಲಿನ ಮೇಲೆ ಮುಂಗಡ ಪಡೆದು ವಿವರವಾದ ಬಿಲ್ಲು ಸಲ್ಲಿಸದಿರುವುದು, ವೈಯಕ್ತಿಕ ಠೇವಣಿ ಖಾತೆಗಳಲ್ಲಿ ಹಣ ಕೂಡಿಡುವುದು ಇವೆಲ್ಲ ಅವರ ವರದಿಗಳ ನಿತ್ಯದ ವಸ್ತು. ತೊಡಕಿರುವುದು ಮುಂದಿನ ಹಂತದಲ್ಲಿ. ವರದಿಯ ಕಂಡಿಕೆಯೊಂದು ಸದನದಲ್ಲಿ ಮಂಡನೆಯಾಗಿ, ಇಲಾಖೆಯ ಟಿಪ್ಪಣಿ ಬಂದು, ಲೆಕ್ಕಪತ್ರ ಸಮಿತಿಯ ಮುಂದೆ ಕಾರ್ಯದರ್ಶಿಯ ಸಾಕ್ಷ್ಯವಾಗಿ, ಸಮಿತಿಯ ಶಿಫಾರಸು ಹೊರಬೀಳುವ ವೇಳೆಗೆ ತಪ್ಪೆಸಗಿದ ಅಧಿಕಾರಿ ವರ್ಗವಾಗಿ ಹೋಗಿರುತ್ತಾನೆ ಅಥವಾ ನಿವೃತ್ತನಾಗಿರುತ್ತಾನೆ. ಸಮಿತಿಯ ಮುಂದೆ ಉತ್ತರಿಸುವವರು ಕಾರ್ಯದರ್ಶಿಗಳು. ಹಾವೇರಿಯ ಕಛೇರಿಯಲ್ಲಿ ಬಿಲ್ಲಿಗೆ ಸಹಿ ಹಾಕಿದವರು ಆ ಚಿತ್ರದಲ್ಲಿ ಕಾಣುವುದೇ ಅಪರೂಪ. ಹುದ್ದೆಗಳ ವಿಷಯದಲ್ಲಿಯಂತೂ ವಿಧಾನಮಂಡಲಕ್ಕೆ ಇರುವ ಸಾಮಾನ್ಯ ಅಸ್ತ್ರ ಪ್ರಶ್ನೋತ್ತರ ಕಲಾಪ. ಎಷ್ಟು ಹುದ್ದೆ ಖಾಲಿ ಎಂದು ಕೇಳಬಹುದು, ಉತ್ತರ ಬರುತ್ತದೆ, ಮುಂದಿನ ಅಧಿವೇಶನದಲ್ಲಿ ಅದೇ ಪ್ರಶ್ನೆಯನ್ನು ಮತ್ತೆ ಕೇಳಬಹುದು. ಇದಕ್ಕೊಂದು ಅಪವಾದವೆಂದರೆ ೨೦೦೭ರ ಶಿಕ್ಷಕರ ವರ್ಗಾವಣೆ ನಿಯಂತ್ರಣ ಶಾಸನ. ಸರ್ಕಾರಿ ಆದೇಶಗಳ ಮೇಲೆ ನಡೆಯುತ್ತಿದ್ದ ವರ್ಗಾವಣೆಗಳನ್ನು ವಿಧಾನಮಂಡಲ ಶಾಸನದ ಚೌಕಟ್ಟಿಗೆ ತಂದಿತು. ೨೦೨೦ರಲ್ಲಿ ಅದರ ಸ್ಥಾನಕ್ಕೆ ಹೊಸ ಶಾಸನ ಬಂದಿತು. ಇತರ ಇಲಾಖೆಗಳಿಗೆ ಈ ಮಾದರಿ ಅದೇ ವೇಗದಲ್ಲಿ ಹರಡಲಿಲ್ಲ.

ಡಿ. ಎಂ. ನಂಜುಂಡಪ್ಪ ಸಮಿತಿ ೨೦೦೨ರಲ್ಲಿ ರಾಜ್ಯದ ೧೧೪ ತಾಲ್ಲೂಕುಗಳನ್ನು ಹಿಂದುಳಿದವೆಂದು ಗುರುತಿಸಿ, ಎಂಟು ವರ್ಷಗಳಲ್ಲಿ ೩೧,೦೦೦ ಕೋಟಿ ರೂಪಾಯಿಗಳ ಯೋಜನೆಯನ್ನು ಸೂಚಿಸಿತು. ಅದರ ಶಿಫಾರಸಿನ ಮೇರೆಗೆ ವಿಶೇಷ ಅಭಿವೃದ್ಧಿ ಯೋಜನೆಯ ಅನುದಾನಗಳು ಆಯವ್ಯಯದಲ್ಲಿ ಕಾಣಿಸಿಕೊಂಡವು. ಹಣಕ್ಕೆ ತಲೆಬರಹ ಸಿಕ್ಕಿತು, ಹುದ್ದೆಗೆ ಸಿಗಲಿಲ್ಲ. ೨೦೧೨ರ ಸಂವಿಧಾನ ತಿದ್ದುಪಡಿಯಿಂದ ಬಂದ ೩೭೧ಜೆ ಅನುಚ್ಛೇದ ಹೈದರಾಬಾದ್ ಕರ್ನಾಟಕಕ್ಕೆ ಸ್ಥಳೀಯ ನೇಮಕಾತಿಯ ಮೀಸಲಾತಿಯನ್ನು ಕೊಟ್ಟಾಗ ತುಂಗಭದ್ರೆ ಒಂದು ಹೊಸ ಗಡಿಯಾಯಿತು. ನದಿಯ ಆಚೆ ದಡದ ಹೂವಿನಹಡಗಲಿಗೆ ಆ ರಕ್ಷಣೆಯುಂಟು, ಈಚೆ ದಡದ ರಾಣೆಬೆನ್ನೂರಿಗೂ ಹಾವೇರಿಗೂ ಇಲ್ಲ. ಮುಂಬಯಿ ಕರ್ನಾಟಕದ ಹಿಂದುಳಿದ ತಾಲ್ಲೂಕುಗಳಿಗೆ ನೇಮಕಾತಿಯಲ್ಲಿ ಬೇರೆ ಯಾವ ಮಾರ್ಗವನ್ನು ತೋರಿಸಬೇಕೆಂಬ ಪ್ರಶ್ನೆ ಹಾಗೆಯೇ ಉಳಿಯಿತು.

ಹಣದ ದಾರಿಯೂ ಸದನದ ಕಣ್ಣಿನಿಂದ ಬದಿಗೆ ಸರಿಯತೊಡಗಿದ್ದನ್ನು ಗಮನಿಸಬೇಕು. ಗಾಜನೂರಿನಿಂದ ಹಾವೇರಿ ಜಿಲ್ಲೆಗೆ ನೀರು ತರುವ ತುಂಗಾ ಮೇಲ್ದಂಡೆ ಯೋಜನೆಯನ್ನು ೧೯೯೮ರಲ್ಲಿ ಕಂಪನಿಯಾಗಿ ರಚಿತವಾದ ಕರ್ನಾಟಕ ನೀರಾವರಿ ನಿಗಮ ಕೈಗೆತ್ತಿಕೊಂಡಿತು. ಇಲಾಖೆಯ ವೆಚ್ಚ ಲೆಕ್ಕಪತ್ರ ಸಮಿತಿಯ ಮುಂದೆ ಬರುತ್ತದೆ. ನಿಗಮದ ವೆಚ್ಚ ಸಾರ್ವಜನಿಕ ಉದ್ದಿಮೆಗಳ ಸಮಿತಿಯ ಮುಂದೆ. ನಿಗಮ ತಾನೇ ಎತ್ತಿದ ಸಾಲ ಆಯವ್ಯಯದ ಹೊರಗೆ ಇರಬಲ್ಲದು. ಕಾಲುವೆಗೆ ಜಮೀನು ಕೊಟ್ಟು ಪರಿಹಾರಕ್ಕಾಗಿ ಕಾಯುವ ರೈತನಿಗೆ ಈ ವ್ಯತ್ಯಾಸ ತಿಳಿಯದು, ತಿಳಿಯಬೇಕಾದ ಅಗತ್ಯವೂ ಇಲ್ಲ.

ಈ ನಡುವೆ ಒಂದು ಹಳೆಯ ಪದ ಹೊಸ ಅರ್ಥದಲ್ಲಿ ಮರಳಿ ಬಂದಿತು. ೨೦೦೪ರ ನಿಯಮಗಳ ಮೇರೆಗೆ ಗ್ರಾಮ ಪಂಚಾಯತಿಗಳ ಲೆಕ್ಕವನ್ನು ಜನರ ಎದುರಿನಲ್ಲಿ ಪರಿಶೀಲಿಸುವ ವಾರ್ಷಿಕ ಕ್ರಮಕ್ಕೆ ಜಮಾಬಂದಿ ಎಂದೇ ಹೆಸರಿಡಲಾಯಿತು. ವಿಂಗೇಟನ ಕಾಲದಲ್ಲಿ ಹಳ್ಳಿ ಸರ್ಕಾರಕ್ಕೆ ಲೆಕ್ಕ ಕೊಡುತ್ತಿದ್ದ ದಿನ ಜಮಾಬಂದಿ. ಈಗ ಪಂಚಾಯತಿ ಹಳ್ಳಿಗೆ ಲೆಕ್ಕ ಕೊಡುವ ದಿನ ಜಮಾಬಂದಿ. ೨೦೦೮ರ ಏಪ್ರಿಲಿನಲ್ಲಿ ಉದ್ಯೋಗ ಖಾತರಿ ಯೋಜನೆ ಹಾವೇರಿ ಜಿಲ್ಲೆಗೆ ವಿಸ್ತರಿಸಿದಾಗ ಅದರೊಂದಿಗೆ ಸಾಮಾಜಿಕ ಪರಿಶೋಧನೆಯೂ ಬಂದಿತು. ಎಲ್ಲ ಊರುಗಳಲ್ಲಿಯೂ ಇವು ಮನಃಪೂರ್ವಕವಾಗಿ ನಡೆದವೆಂದು ಹೇಳುವುದು ಉತ್ಪ್ರೇಕ್ಷೆಯಾದೀತು.

ಅದೇ ೨೦೦೮ರ ಜೂನ್ ೧೦ರಂದು ಹಾವೇರಿಯಲ್ಲಿ ರಸಗೊಬ್ಬರಕ್ಕಾಗಿ ಸೇರಿದ್ದ ರೈತರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಇಬ್ಬರು ರೈತರು ಜೀವ ಕಳೆದುಕೊಂಡರು. ಹೊಸ ಸರ್ಕಾರ ಪ್ರಮಾಣ ವಚನ ಸ್ವೀಕರಿಸಿ ಎರಡು ವಾರವೂ ಆಗಿರಲಿಲ್ಲ. ಗೊಬ್ಬರದ ಹಂಚಿಕೆ ಕೇಂದ್ರದ್ದು, ಸಾಗಣೆ ಮತ್ತು ದಾಸ್ತಾನು ಹಲವು ಸಂಸ್ಥೆಗಳದ್ದು, ವಿತರಣೆಯ ಮೇಲ್ವಿಚಾರಣೆ ರಾಜ್ಯದ ಕೃಷಿ ಇಲಾಖೆಯದು. ಕೇಂದ್ರದ ರಸಗೊಬ್ಬರ ಇಲಾಖೆಯನ್ನು ಪ್ರಶ್ನಿಸಲು ಸಂಸತ್ತಿನ ಸ್ಥಾಯಿ ಸಮಿತಿಯಿತ್ತು, ರಾಜ್ಯದ ಇಲಾಖೆಯನ್ನು ಪ್ರಶ್ನಿಸಲು ವಿಧಾನಮಂಡಲವಿತ್ತು. ಎರಡರ ನಡುವೆ ಜಾರಿಬಿದ್ದ ಹೊಣೆಯನ್ನು ಹಿಡಿದು ಕೇಳುವ ಒಂದೇ ವೇದಿಕೆ ಇರಲಿಲ್ಲ.

ಬ್ಯಾಡಗಿಯ ಮಾರುಕಟ್ಟೆ ಇನ್ನೊಂದು ಬಗೆಯ ಉದಾಹರಣೆ. ೨೦೧೧ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಬ್ಯಾಡಗಿ ಮೆಣಸಿನಕಾಯಿಯ ವಹಿವಾಟಿನ ಮೇಲೆ ವಸೂಲಾಗುವ ಶುಲ್ಕ, ೧೯೬೬ರ ಶಾಸನದಂತೆ ಮಾರುಕಟ್ಟೆ ಸಮಿತಿಯ ಸ್ವಂತ ನಿಧಿಗೆ ಸೇರುತ್ತದೆ. ರಾಜ್ಯದ ಸಂಚಿತ ನಿಧಿಗಲ್ಲ. ಆದುದರಿಂದ ಅದರ ವೆಚ್ಚ ಧನವಿನಿಯೋಗ ಮಸೂದೆಯಲ್ಲಿ ಹಾದುಹೋಗುವುದಿಲ್ಲ. ಸಮಿತಿಯ ಕಾರ್ಯದರ್ಶಿಯಾದರೋ ಸರ್ಕಾರದ ಕೃಷಿ ಮಾರಾಟ ಇಲಾಖೆಯ ಅಧಿಕಾರಿ. ೨೦೨೦ರ ತಿದ್ದುಪಡಿ ಸಮಿತಿಗಳ ಅಧಿಕಾರವನ್ನು ಪ್ರಾಂಗಣದ ಒಳಗಿನ ವಹಿವಾಟಿಗೆ ಸೀಮಿತಗೊಳಿಸಿ ಅವುಗಳ ಆದಾಯದ ಮೂಲವನ್ನೇ ಕುಗ್ಗಿಸಿತು. ೨೦೨೪ರ ಮಾರ್ಚ್ ೧೧ರಂದು ದರ ಹಠಾತ್ತನೆ ಕುಸಿದುದರಿಂದ ರೊಚ್ಚಿಗೆದ್ದ ಬೆಳೆಗಾರರು ಸಮಿತಿಯ ಕಛೇರಿಗೆ ನುಗ್ಗಿದರು. ಕಛೇರಿಗೂ ವಾಹನಗಳಿಗೂ ಬೆಂಕಿ ಬಿದ್ದಿತು. ಆ ದಿನ ಪ್ರಾಂಗಣಕ್ಕೆ ಬಂದ ಚೀಲಗಳ ರಾಶಿಗೆ ತಕ್ಕಷ್ಟು ಸಿಬ್ಬಂದಿ ಅಲ್ಲಿದ್ದರೇ, ಇಲ್ಲದಿದ್ದರೆ ಏಕೆ ಎಂಬುದು ಆಯವ್ಯಯದ ಯಾವ ಬೇಡಿಕೆಯ ಅಡಿಯಲ್ಲಿ ಕೇಳಬೇಕಾದ ಪ್ರಶ್ನೆಯೋ ನಿಯಮಾವಳಿಯಲ್ಲಿ ಸುಲಭವಾಗಿ ಸಿಗುವುದಿಲ್ಲ.